ಮೊದಲು ಗುಳಿಗೆ ಎಣಿಸಿ: ಸಾಂಕ್ರಾಮಿಕದ ದಿನಗಳಲ್ಲಿ ಫಿಟ್ಸ್, ನಡುಕ, ಲಕ್ವ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವ ಕ್ರಮ

ಫಿಟ್ಸಿನ ಗುಳಿಗೆ ಮುಗಿದು ನಾಲ್ಕು ದಿನವಾದ ಮೇಲೆ ಮೆಡಿಕಲ್ ಶಾಪಿಗೆ ಬರುವವರ ಕೈಯಲ್ಲಿ ಖಾಲಿ ಸ್ಟ್ರಿಪ್ಪಿನ ಒಂದು ತುಂಡು ಇರುತ್ತದೆ. ಹೆಸರು ಅಚ್ಚಾಗಿದ್ದ ಭಾಗವೇ ಹರಿದುಹೋಗಿರುತ್ತದೆ. ಜೇಬಿನಲ್ಲಿ ಕರ್ಪೂರ, ಓಂಕಾಳು, ಲವಂಗ ಕಟ್ಟಿದ ಸಣ್ಣ ಗಂಟು. 2020ರಲ್ಲೂ ಹೀಗೇ ಬಂದರು, 2021ರ ಎರಡನೇ ಅಲೆಯಲ್ಲೂ ಹೀಗೇ ಬಂದರು. ಈಗಲೂ ಟಿವಿಯಲ್ಲಿ ಹೊಸ ತಳಿಯ ಸುದ್ದಿ ಬಂದ ವಾರ ದಾವಣಗೆರೆಯ ನಮ್ಮ ಕೌಂಟರಿನಲ್ಲಿ ಮೊದಲು ಕೇಳುವುದು ಮಾಸ್ಕ್, ಆಮೇಲೆ ಆಕ್ಸಿಮೀಟರ್, ಆಮೇಲೆ ಜಿಂಕ್ ಗುಳಿಗೆ. "ಅಪ್ಪಾರ ನಡುಕದ ಗುಳಿಗೆ ಎಷ್ಟು ಉಳಿದಾವೆ?" ಅಂದರೆ "ಐತಿ ಬಿಡ್ರಿ, ಇನ್ನೂ ಇರಬೇಕು" ಎಂಬ ಉತ್ತರ.

ಎಡವುವುದು ಇಲ್ಲೇ. ಮಾಸ್ಕ್ ಬೇಡವೆನ್ನುತ್ತಿಲ್ಲ. ಆದರೆ ನರದ ಕಾಯಿಲೆ ಇರುವ ಮನೆಯಲ್ಲಿ ಕೆಲಸಗಳ ಕ್ರಮ ಬೇರೆ. ವೈರಸ್ಸು ಮನೆಗೆ ಬರಬಹುದು, ಬರದಿರಬಹುದು. ಗುಳಿಗೆ ತಪ್ಪಿದರೆ ಅದರ ಫಲ ಮಾತ್ರ ದಿನದೊಳಗೋ ವಾರದೊಳಗೋ ಕಾಣುತ್ತದೆ. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಗುಳಿಗೆಯ ಪ್ರಮಾಣ ಏರಿಸುವುದು ಇಳಿಸುವುದು ನಿಮ್ಮ ನರರೋಗ ವೈದ್ಯರ ಕೆಲಸ, ಅದಕ್ಕೆ ಇಲ್ಲಿ ಕೈಹಾಕಿಲ್ಲ.

ಹಂತ 1: ಗುಳಿಗೆ ಎಣಿಸಿ, ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಮಾಡಿ

ಬೇಕಾದದ್ದು ಗೋಡೆಯ ಕ್ಯಾಲೆಂಡರ್ ಮತ್ತು ಪೆನ್ನು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಚಾಪೆಯ ಮೇಲೆ ಸುರಿಯಿರಿ. ಪರ್ಸಿನಲ್ಲಿ, ದೇವರ ಗೂಡಿನಲ್ಲಿ, ಮಗನ ಬ್ಯಾಗಿನಲ್ಲಿ ಇಟ್ಟದ್ದೂ ಬರಲಿ. ಪ್ರತಿ ಗುಳಿಗೆಯನ್ನೂ ಬೇರೆಬೇರೆಯಾಗಿ ಎಣಿಸಿ, ದಿನಕ್ಕೆ ಎಷ್ಟು ಬೇಕೋ ಅದರಿಂದ ಭಾಗಿಸಿ.

ಫಿಟ್ಸಿನ ಗುಳಿಗೆ ಲೆವೆಟಿರಾಸೆಟಮ್ 500 ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದುಕೊಳ್ಳೋಣ. ಮನೆಯಲ್ಲಿ 34 ಇವೆ. ಅಂದರೆ 17 ದಿನ. ಜೊತೆಗೆ ಕ್ಲೋಬಜಾಮ್ ರಾತ್ರಿಗೆ ಒಂದು, ಇರುವುದು 11. ಹಾಗಾದರೆ ನಿಮ್ಮ ಲೆಕ್ಕ 17 ದಿನದ್ದಲ್ಲ, 11 ದಿನದ್ದು. ಯಾವುದು ಮೊದಲು ಮುಗಿಯುತ್ತದೋ ಅದರ ತಾರೀಖಿಗೆ ಕೆಂಪು ಸುತ್ತು ಹಾಕಿ. ಅಲ್ಲಿಂದ 14 ದಿನ ಹಿಂದಕ್ಕೆ ಎಣಿಸಿ ಇನ್ನೊಂದು ಸುತ್ತು ಹಾಕಿ. ಅದು ಅಂಗಡಿಗೆ ಹೋಗುವ ದಿನ. ಆ ದಿನ ಆಗಲೇ ದಾಟಿದ್ದರೆ ಇವತ್ತೇ ಹೊರಡಿ.

ಸಾಂಕ್ರಾಮಿಕದ ಸುದ್ದಿ ಶುರುವಾದಾಗ ಒಂದು ತಿಂಗಳ ಗುಳಿಗೆ ಹೆಚ್ಚಿಗೆ ಇರಲಿ. ಆರು ತಿಂಗಳದ್ದು ತುಂಬಿಡಬೇಡಿ. ಮಧ್ಯದಲ್ಲಿ ವೈದ್ಯರು ಪ್ರಮಾಣ ಬದಲಿಸಿದರೆ ಅಷ್ಟೂ ದಂಡ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಹಿಂದೆ ನಿಂತವರ ಮಗುವಿಗೂ ಅದೇ ಗುಳಿಗೆ ಬೇಕಿರುತ್ತದೆ. ಜಗಳೂರು, ಮೊಳಕಾಲ್ಮೂರಿನಂಥ ಕಡೆಯ ಸಣ್ಣ ಅಂಗಡಿಗಳು ನರದ ಔಷಧಿಗಳನ್ನು ಗೊತ್ತಿರುವ ನಾಲ್ಕೈದು ಮನೆಗಳ ಲೆಕ್ಕದಲ್ಲೇ ತರಿಸುತ್ತವೆ. ನಿಮ್ಮ ಅಂಗಡಿಯವರಿಗೆ ಹೆಸರು, ಪ್ರಮಾಣ, ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ ಬೇಕು ಎಂದು ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಸಂಜೆಗೆ ಮರೆತುಹೋಗುತ್ತದೆ, ನಮ್ಮದೂ ಅದೇ ಹಣೆಬರಹ.

ಕ್ಲೋಬಜಾಮ್, ಕ್ಲೋನಜೆಪಾಮ್, ಫಿನೋಬಾರ್ಬಿಟೋನ್ ಇವು ಮೂರಕ್ಕೂ ಕಾನೂನಿನ ಕಟ್ಟುನಿಟ್ಟು ಹೆಚ್ಚು. ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ. "ಹತ್ತು ವರ್ಷದಿಂದ ತಗೋತಿದೀವಿ" ಎಂದು ಜಗಳವಾಡಿ ಪ್ರಯೋಜನವಿಲ್ಲ. ಚೀಟಿ ಹಳೆಯದಾಗಿದ್ದರೆ ಗುಳಿಗೆ ಮುಗಿಯುವ ಮೊದಲೇ ಹೊಸದು ಬರೆಸಿಕೊಳ್ಳಿ.

ಕಂಪನಿ ಬದಲಾದರೆ ಏನು ಮಾಡಬೇಕು? ಬಿಪಿ ಗುಳಿಗೆಯಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಫಿಟ್ಸಿನ ಗುಳಿಗೆಗಳಲ್ಲಿ ರಕ್ತದಲ್ಲಿನ ಮಟ್ಟ ಸ್ವಲ್ಪ ಆಚೀಚೆಯಾದರೂ ತೊಂದರೆ ಬರಬಹುದು. ಒಂದೇ ಕಂಪನಿಯದ್ದಕ್ಕೆ ಅಂಟಿಕೊಳ್ಳುವುದು ಮೇಲು. ಸಿಗಲೇ ಇಲ್ಲವೆಂದರೆ ಗುಳಿಗೆ ಬಿಡುವುದಕ್ಕಿಂತ ಬೇರೆ ಕಂಪನಿಯದು ತೆಗೆದುಕೊಳ್ಳುವುದು ಎಷ್ಟೋ ವಾಸಿ, ವೈದ್ಯರಿಗೊಂದು ಫೋನ್ ಮಾಡಿ ತಿಳಿಸಿ. ಆಗ ಮೂರು ಸಂಗತಿ ತಾಳೆ ನೋಡಿ: ಔಷಧಿಯ ಹೆಸರು, ಮಿಲಿಗ್ರಾಂ, ಮತ್ತು ಹೆಸರಿನ ಕೊನೆಯಲ್ಲಿರುವ ಅಕ್ಷರಗಳು. ಸಿಆರ್, ಇಆರ್, ಕ್ರೋನೋ ಎಂದಿದ್ದರೆ ನಿಧಾನಕ್ಕೆ ಕರಗುವ ಗುಳಿಗೆ. ಅದರ ಬದಲು ಸಾದಾ ಗುಳಿಗೆ ತಂದು ಅದೇ ಲೆಕ್ಕದಲ್ಲಿ ನುಂಗಿಸುವುದು ನಾನು ಪದೇಪದೇ ಕಂಡ ತಪ್ಪು. ನಿಧಾನಕ್ಕೆ ಕರಗುವ ಗುಳಿಗೆಯನ್ನು ನುಂಗಲಾಗದವರಿಗೆಂದು ಕುಟ್ಟಿ ಪುಡಿ ಮಾಡುವುದೂ ಅಷ್ಟೇ ದೊಡ್ಡ ತಪ್ಪು.

ಇಡುವ ಜಾಗ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ ಕಡೆಯ ಶೀಟಿನ ಮನೆಯೊಳಗೆ ಎಂಥ ಕಾವು ಇರುತ್ತದೆಂದು ಅಲ್ಲಿದ್ದವರಿಗೆ ಗೊತ್ತು. ಕಿಟಕಿ, ಒಲೆ, ಟಿವಿಯ ತಲೆಯ ಮೇಲೆ ಬೇಡ. ಬಚ್ಚಲುಮನೆಯ ಕಪಾಟು ಬೇಡವೇ ಬೇಡ. ಕಾರ್ಬಮಜೆಪಿನ್ ತೇವ ಕುಡಿದರೆ ಬಲ ಕಳೆದುಕೊಳ್ಳುತ್ತದೆ. ವಾಲ್ಪ್ರೋಯೇಟ್ ಎಂಬ ಫಿಟ್ಸಿನ ಗುಳಿಗೆಯನ್ನು ವಾರಕ್ಕೆ ಮೊದಲೇ ಬಿಡಿಸಿ ಡಬ್ಬಿಯಲ್ಲಿಟ್ಟರೆ ಗಾಳಿಯ ಪಸೆ ಹೀರಿ ಮೆತ್ತಗಾಗುತ್ತದೆ. ಸ್ಟ್ರಿಪ್ಪಿನ ಸಮೇತ ಕತ್ತರಿಸಿ ಇಡಿ, ಹೆಸರು ಮತ್ತು ಅವಧಿ ಅಚ್ಚಾದ ತುದಿಯನ್ನು ಕೊನೆಯವರೆಗೆ ಉಳಿಸಿ.

ಎಚ್ಚರಿಕೆ. ಉಳಿದ ಹತ್ತು ಗುಳಿಗೆಯನ್ನು ಅರ್ಧರ್ಧ ಮಾಡಿ ಇಪ್ಪತ್ತು ದಿನ ದೂಡುವುದು ಉಳಿತಾಯವಲ್ಲ. ಫಿಟ್ಸಿನ ಗುಳಿಗೆ ಥಟ್ಟನೆ ನಿಂತರೆ ಫಿಟ್ಸ್ ಬಿಡದೆ ಒಂದರ ಹಿಂದೊಂದು ಬರಬಹುದು. ಅದು ಜೀವಕ್ಕೆ ಅಪಾಯ. ಪಾರ್ಕಿನ್ಸನ್, ಅಂದರೆ ನಡುಕದ ಕಾಯಿಲೆ ಇರುವವರಿಗೆ ಅದರ ಗುಳಿಗೆ ಲೆವೊಡೋಪಾ ನಿಂತರೆ ಮೈ ಕಟ್ಟಿಗೆಯಂತೆ ಬಿಗಿದು, ಜೋರು ಜ್ವರ ಬಂದು, ಮಾತು ತಡವರಿಸಬಹುದು. ಜ್ವರ ಕಂಡ ಮನೆಯವರು ಕೊರೊನಾ ಎಂದುಕೊಂಡು ಟೆಸ್ಟಿಗೆ ಓಡುತ್ತಾರೆ, ಗುಳಿಗೆ ತಪ್ಪಿದ್ದನ್ನು ಯಾರಿಗೂ ಹೇಳುವುದಿಲ್ಲ. ಲಕ್ವದ ನಂತರ ಕೈಕಾಲಿನ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಕೂಡ ದಿಢೀರನೆ ಬಿಡುವ ಔಷಧಿಯಲ್ಲ. ಮುಗಿದೇ ಹೋಗಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಖಾಲಿ ಸ್ಟ್ರಿಪ್ ಹಿಡಿದು ಅದೇ ದಿನ ಹೋಗಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ.

ಹಂತ 2: ಒಂದೇ ಹಾಳೆಯಲ್ಲಿ ಎಲ್ಲ ಬರೆದಿಡಿ

ಕೋವಿಡ್ ವಾರ್ಡಿನೊಳಗೆ ಜೊತೆಗಾರರನ್ನು ಬಿಡುತ್ತಿರಲಿಲ್ಲ, ನೆನಪಿರಲಿ. ಮಾತು ತೊದಲುವ ಲಕ್ವದ ರೋಗಿ, ಮರೆವಿನ ಅಜ್ಜಿ, ಫಿಟ್ಸ್ ಬಂದು ಮಂಪರಿನಲ್ಲಿರುವ ಹುಡುಗ, ಇವರ ಪರವಾಗಿ ಒಳಗೆ ಮಾತಾಡುವುದು ಈ ಹಾಳೆ ಒಂದೇ. ಹತ್ತು ವರ್ಷದ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳಿಸಿದರೆ ರಾತ್ರಿ ಪಾಳಿಯ ವೈದ್ಯರಿಗೆ ಅದನ್ನು ತಿರುವಿ ನೋಡಲು ಪುರಸೊತ್ತು ಇರುವುದಿಲ್ಲ.

ಮೇಲೆ ಹೆಸರು, ವಯಸ್ಸು, ತೂಕ. ಅದರ ಕೆಳಗೆ ಕಾಯಿಲೆಯ ಹೆಸರು, ಯಾವ ವರ್ಷದಿಂದ ಇದೆ. ನಂತರ ಗುಳಿಗೆಗಳು: ಹೆಸರು, ಮಿಲಿಗ್ರಾಂ, ಗಂಟೆ. "ದಿನಕ್ಕೆ ಮೂರು" ಎಂದು ಬರೆಯಬೇಡಿ, "ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6 ಗಂಟೆ" ಎಂದು ಬರೆಯಿರಿ. ಲೆವೊಡೋಪಾ ತೆಗೆದುಕೊಳ್ಳುವವರಿಗೆ ಇದು ಬಹಳ ಮುಖ್ಯ. ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಔಷಧಿ ಹಂಚುವಾಗ ಇವರದ್ದು ಎರಡು ಗಂಟೆ ತಡವಾದರೆ ಮಂಚದಿಂದ ಏಳಲೂ ಆಗುವುದಿಲ್ಲ, ಅನ್ನ ನುಂಗಲೂ ಆಗುವುದಿಲ್ಲ. ಕೊನೆಯ ಬಾರಿ ಫಿಟ್ಸ್ ಬಂದ ತಾರೀಖು, ಶುಗರ್ ಬಿಪಿ ಇದೆಯೇ, ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆಯೇ, ಯಾವ ಔಷಧಿ ಒಗ್ಗುವುದಿಲ್ಲ, ಇಬ್ಬರ ಫೋನ್ ನಂಬರು. ಕೊನೆಗೆ ದಪ್ಪ ಅಕ್ಷರದಲ್ಲಿ "ಕೊಡಬಾರದು" ಎಂದು ಬರೆದು ಜಾಗ ಬಿಡಿ. ಅಲ್ಲಿ ಏನು ತುಂಬಬೇಕೆಂದು ಹಂತ 5ರಲ್ಲಿ ಇದೆ.

ಔಷಧಿಗಳ ಹೆಸರನ್ನು ಸ್ಟ್ರಿಪ್ ನೋಡಿ ಇಂಗ್ಲಿಷ್ ದೊಡ್ಡಕ್ಷರದಲ್ಲೂ ಬರೆಸಿ. ಬರೆಯಲು ಬಾರದಿದ್ದರೆ ಆಶಾ ಕಾರ್ಯಕರ್ತೆ ಅಥವಾ ಅಂಗಡಿಯವರ ಕೈಲಿ ಬರೆಸಿ. ನಾವು ಐದು ನಿಮಿಷದಲ್ಲಿ ಬರೆದುಕೊಡುತ್ತೇವೆ, ಸಂಜೆ ಏಳು ಗಂಟೆಯ ಗದ್ದಲದಲ್ಲಿ ಮಾತ್ರ ಕೇಳಬೇಡಿ. ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ, ಒಂದು ಪ್ರತಿಯನ್ನು ಬಾಗಿಲ ಹಿಂದೆ ಅಂಟಿಸಿ.

ಹಂತ 3: ಮನೆಯಲ್ಲಿ ಇರಬೇಕಾದ ಸಾಮಾನು

ಥರ್ಮಾಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ನೋಟ್‌ಬುಕ್. ಲಕ್ವ ಆದವರ ಮನೆಯಲ್ಲಿ ಬಿಪಿ ಯಂತ್ರ. ಇಷ್ಟು ಸಾಕು.

ಕೈ ನಡುಗುವವರ ಬೆರಳಿನಲ್ಲಿ ಆಕ್ಸಿಮೀಟರ್ 82, 91, 87 ಎಂದು ಕುಣಿಯುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಕಡಿಮೆ ನಡುಗುವ ಕೈಯನ್ನು ತೊಡೆಯ ಮೇಲೆ ಒತ್ತಿಟ್ಟು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಉಗುರಿಗೆ ಬಣ್ಣವಿದ್ದರೆ ಒರೆಸಿ, ಅಂಕಿ ಒಂದು ಕಡೆ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಹೀಗೆ ನೋಡಿದ ಮೇಲೂ 94ಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತಿಳಿಸಬೇಕು.

ಮಯಾಸ್ತೇನಿಯಾ ಇರುವವರು, ಅಂದರೆ ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋತುಬಿದ್ದು ಅಗಿಯುವ ನುಂಗುವ ಶಕ್ತಿ ಸೋಲುವವರು, ಆಕ್ಸಿಮೀಟರನ್ನೇ ನಂಬಿ ಕೂರಬಾರದು. ಉಸಿರಾಟದ ಸ್ನಾಯು ಸೋತರೂ ಅಂಕಿ ಬಹಳ ಹೊತ್ತು ಸರಿಯಾಗಿಯೇ ತೋರಿಸುತ್ತದೆ. ದೀರ್ಘ ಉಸಿರೆಳೆದು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಲು ಹೇಳಿ. ಆರಾಮಿದ್ದಾಗ ಎಷ್ಟರವರೆಗೆ ಹೋಗುತ್ತದೆಂದು ಬರೆದಿಟ್ಟುಕೊಳ್ಳಿ. ದಿನದಿಂದ ದಿನಕ್ಕೆ ಅದು ಕುಗ್ಗಿ 20 ದಾಟಲಾಗದಿದ್ದರೆ ಮನೆಯಲ್ಲಿ ಕಾಯಬೇಡಿ.

ಹಂತ 4: ಫೋನಿನಲ್ಲಿ ವೈದ್ಯರಿಗೆ ತೋರಿಸುವುದು

ಭಾರತದಲ್ಲಿ ಫೋನ್ ಮತ್ತು ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ನಿಯಮಾವಳಿ ಹೊರಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಸರ್ಕಾರದ ಇ-ಸಂಜೀವಿನಿಯಲ್ಲಿ ಮೊಬೈಲ್ ನಂಬರಿಗೆ ಬರುವ ಒಟಿಪಿ ಹಾಕಿ, ಟೋಕನ್ ತೆಗೆದುಕೊಂಡು ಉಚಿತವಾಗಿ ಮಾತಾಡಬಹುದು. ನಿಮ್ಮನ್ನು ಮೊದಲಿನಿಂದ ನೋಡಿದ ವೈದ್ಯರೇ ಫೋನಿಗೆ ಸಿಗುವುದಾದರೆ ಅದು ಇನ್ನೂ ಒಳ್ಳೆಯದು. ದಾವಣಗೆರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ 260 ಕಿ.ಮೀ. ಹೋಗಿ, ಗುಳಿಗೆ ಮುಂದುವರಿಸಿ ಎಂಬ ಒಂದು ಮಾತು ಕೇಳಿ ಬರುತ್ತಿದ್ದ ಎಷ್ಟೋ ಮನೆಗಳಿಗೆ ಇದರಿಂದ ಅನುಕೂಲವಾಯಿತು.

ಕರೆ ಮಾಡುವ ಮೊದಲು ಹಾಳೆ ಮತ್ತು ಸ್ಟ್ರಿಪ್ ಎದುರಿಗಿರಲಿ. ರೋಗಿ ಪಕ್ಕದಲ್ಲೇ ಇರಬೇಕು. ಹೊಲದಲ್ಲಿ ನಿಂತು "ಮನೇಲಿ ಅಜ್ಜಿಗೆ ಹಿಂಗಾಗೈತಿ" ಅಂದರೆ ವೈದ್ಯರು ಏನು ಮಾಡಲಾದೀತು? ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ. ನಡುಕ ಇರುವವರು ಮಂಚದಿಂದ ಎದ್ದು ಬಾಗಿಲವರೆಗೆ ನಡೆದು ತಿರುಗಿ ಬರುವುದನ್ನು ಮೊದಲೇ ವಿಡಿಯೋ ಮಾಡಿ, ಗುಳಿಗೆಗೆ ಮುಂಚೆ ಒಂದು, ಗುಳಿಗೆಯಾಗಿ ಒಂದು ಗಂಟೆಗೆ ಒಂದು. ಫಿಟ್ಸ್ ಬಂದಾಗ ಒಬ್ಬರು ರೋಗಿಯನ್ನು ನೋಡಿಕೊಂಡರೆ ಇನ್ನೊಬ್ಬರು ಅರ್ಧ ನಿಮಿಷ ವಿಡಿಯೋ ಹಿಡಿಯಲಿ. ಯಾವ ಕೈ ಮೊದಲು ಅಲುಗಿತು, ಕಣ್ಣು ಯಾವ ಕಡೆ ತಿರುಗಿತು ಎಂಬುದು ಬಾಯಿಮಾತಿನಲ್ಲಿ ಸರಿಯಾಗಿ ಬರುವುದಿಲ್ಲ.

ಫೋನಿನ ಕೆಲಸಕ್ಕೆ ಗಡಿ ಇದೆ. ಜೀವನದಲ್ಲಿ ಮೊದಲ ಸಲ ಬಂದ ಫಿಟ್ಸ್, ದಿಢೀರನೆ ಬಂದ ಸೊಟ್ಟ ಬಾಯಿ ಅಥವಾ ಕೈಕಾಲಿನ ಸೋಲು, ಸಿಡಿಲು ಬಡಿದಂತೆ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗಿಸಲಾಗದ ನೋವು, ಇವು ನೇರ ಆಸ್ಪತ್ರೆಯ ಕೇಸುಗಳು.

ಹಂತ 5: ಜ್ವರ ಬಂದ ದಿನ

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಈ ಹಂತದಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೆದಿದ್ದೇನೆ.

ಮೊದಲನೆಯದು, ನಿತ್ಯದ ಗುಳಿಗೆ ನಿಲ್ಲಿಸಬೇಡಿ. "ಜ್ವರದ ಗುಳಿಗೆ ಶುರುವಾಗೈತಿ, ಅದೂ ಇದೂ ಕೂಡಿದ್ರೆ ಉಷ್ಣ ಆಗ್ತೈತಿ" ಎಂದು ಫಿಟ್ಸಿನದನ್ನು ಮೂರು ದಿನ ಬಿಡುವವರಿದ್ದಾರೆ. ಜ್ವರವೇ ಫಿಟ್ಸನ್ನು ಎಳೆದು ತರುತ್ತದೆ. ಆ ಹೊತ್ತಿನಲ್ಲೇ ಕಾವಲು ತೆಗೆದಂತಾಗುತ್ತದೆ. ಬಿಪಿ ಗುಳಿಗೆ ಕೊರೊನಾವನ್ನು ಜೋರು ಮಾಡುತ್ತದೆಂಬ ಸುದ್ದಿ 2020ರಲ್ಲಿ ಹಬ್ಬಿತ್ತು. ಹೃದ್ರೋಗ ತಜ್ಞರ ಸಂಘಗಳು ಆಗಲೇ ನಿಲ್ಲಿಸಬೇಡಿ ಎಂದು ಹೇಳಿದ್ದವು. ಮಯಾಸ್ತೇನಿಯಾ ಮುಂತಾದ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಅದನ್ನು ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಬೀಳಬಹುದು.

ಎರಡನೆಯದು, ಜ್ವರ ಇಳಿಸಿ. ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಅಥವಾ 650, ಎರಡು ಗುಳಿಗೆಗಳ ನಡುವೆ 6 ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕೆ ಮೀರದಂತೆ. ಲಿವರ್ ತೊಂದರೆ ಇದ್ದವರು ಕೇಳಿಕೊಂಡೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕದ ಲೆಕ್ಕ, ವೈದ್ಯರು ಬರೆದಷ್ಟೇ. ಗಂಜಿ, ಮಜ್ಜಿಗೆ, ನೀರು ಆಗಾಗ ಹೋಗುತ್ತಿರಲಿ. ನಿದ್ದೆ ಕೆಡದಂತೆ ನೋಡಿಕೊಳ್ಳಿ. ರಾತ್ರಿ ನಿದ್ದೆಗೆಟ್ಟರೂ ಫಿಟ್ಸ್ ಬರುತ್ತದೆ.

ವಾಂತಿಯಾಗಿ ಗುಳಿಗೆ ಹೊರಗೆ ಬಂದರೆ ಮತ್ತೆ ಕೊಡಬೇಕೇ ಎಂಬುದನ್ನು ಜ್ವರ ಬರುವ ಮೊದಲೇ ವೈದ್ಯರನ್ನು ಕೇಳಿ ಹಾಳೆಯಲ್ಲಿ ಬರೆದಿಡಿ, ಒಂದೊಂದು ಔಷಧಿಗೆ ಒಂದೊಂದು ಉತ್ತರ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡೆರಡು ನುಂಗಿಸುವ ಅಭ್ಯಾಸ ಬೇಡ.

ಮೂರನೆಯದು, "ಕೊಡಬಾರದು" ಎಂದು ಖಾಲಿ ಬಿಟ್ಟ ಜಾಗ. ನಿಮ್ಮ ವೈದ್ಯರ ಜೊತೆ ಕೂತು ಅದನ್ನು ತುಂಬಿ. ಕೇಳಬೇಕಾದ ಪ್ರಶ್ನೆಗಳು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಡುಕದ ರೋಗಿಗೆ ವಾಂತಿ ಎಂದು ಮೆಟೊಕ್ಲೊಪ್ರಮೈಡ್, ತಲೆಸುತ್ತು ಎಂದು ಪ್ರೊಕ್ಲೋರ್‌ಪೆರಜಿನ್ ಅಥವಾ ಸಿನ್ನಾರಿಜಿನ್ ಕೊಟ್ಟರೆ ಮೈ ಇನ್ನಷ್ಟು ಬಿಗಿಯುತ್ತದೆ. ಸ್ಟೆಮೆಟಿಲ್ ಎಂಬ ಹೆಸರಿನಲ್ಲಿ ನೀವು ಕೇಳಿ ತೆಗೆದುಕೊಳ್ಳುವುದು ಪ್ರೊಕ್ಲೋರ್‌ಪೆರಜಿನ್ನನ್ನೇ. ನಡುಕಕ್ಕೆ ರಸಾಜಿಲಿನ್ ಅಥವಾ ಸೆಲೆಜಿಲಿನ್ ಗುಳಿಗೆ ನಡೆದಿದ್ದರೆ ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಒಣಕೆಮ್ಮಿನ ಸಿರಪ್ ಕುಡಿಸಬಾರದು. ಕೌಂಟರಿನಲ್ಲಿ "ಒಂದು ಕೆಮ್ಮಿನ ಔಷಧಿ ಕೊಡ್ರಿ" ಎಂದು ಒಯ್ಯುವ ಬಾಟಲಿಯಲ್ಲಿ ಅದು ಇರುವುದು ಮಾಮೂಲು. ಯಾರಿಗೆ ಎಂದು ಹೇಳಿ ಕೊಳ್ಳಿ.

ಮಯಾಸ್ತೇನಿಯಾ ಇರುವವರಿಗೆ ಅಜಿತ್ರೋಮೈಸಿನ್, ಹೈಡ್ರಾಕ್ಸಿಕ್ಲೊರೊಕ್ವಿನ್, ಲೆವೊಫ್ಲಾಕ್ಸಾಸಿನ್ ಮೂರೂ ಸ್ನಾಯುವಿನ ಸೋಲನ್ನು ಹೆಚ್ಚಿಸಬಲ್ಲವು. 2020ರಲ್ಲಿ ಮೊದಲೆರಡನ್ನು ಜನ ಮಂಡಕ್ಕಿ ಕೊಂಡಂತೆ ಕೊಂಡರು. ಲೆವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಜಾತಿಯವು ಫಿಟ್ಸ್ ಇರುವವರಲ್ಲೂ ಫಿಟ್ಸನ್ನು ಕೆರಳಿಸಬಹುದು.

ಲಕ್ವ ಆಗಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರು ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ರಕ್ತ ತೆಳುವಾಗಿಸುವ ಅಸಿಟ್ರೋಮ್ ಅಥವಾ ವಾರ್ಫರಿನ್ ಇರುವವರಿಗೆ ಯಾವುದೇ ಆ್ಯಂಟಿಬಯೋಟಿಕ್ ಶುರುವಾದರೂ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ಬೇಗ ಮಾಡಿಸಬೇಕೇ ಎಂದು ಕೇಳಿ.

ವೈದ್ಯರು ಬರೆಯಬಹುದಾದ ಇನ್ನೆರಡು ಔಷಧಿಗಳನ್ನೂ ಹಾಳೆಯಲ್ಲಿ ನಮೂದಿಸಿಡಿ. ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಿಗೆ ಮೆರೊಪೆನೆಮ್ ಇಂಜೆಕ್ಷನ್ ಕೊಟ್ಟರೆ ರಕ್ತದಲ್ಲಿ ವಾಲ್ಪ್ರೋಯೇಟ್ ಮಟ್ಟ ಕುಸಿದು ಫಿಟ್ಸ್ ಬರಬಹುದು. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ನಡೆದಿರುವವರಿಗೆ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಎಂಬ ಕೋವಿಡ್ ಗುಳಿಗೆ ಕೆಲಸಕ್ಕೆ ಬಾರದಂತಾಗುತ್ತದೆ, ಕೊಡುವಂತಿಲ್ಲ. ವೈದ್ಯರಿಗೆ ಇದೆಲ್ಲ ಗೊತ್ತು. ಅವರಿಗೆ ಗೊತ್ತಿಲ್ಲದಿರುವುದು ನಿಮ್ಮ ಮನೆಯವರು ಯಾವ ಗುಳಿಗೆ ನುಂಗುತ್ತಿದ್ದಾರೆ ಎಂಬುದು.

ಈಗ ಕರ್ಪೂರದ ಗಂಟು. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಎರಡಕ್ಕೂ ಮೆದುಳನ್ನು ಕೆರಳಿಸಿ ಫಿಟ್ಸ್ ತರಿಸುವ ಗುಣವಿದೆ. ಮೂಗಿಗೆ ಹಿಡಿದು ದಿನವಿಡೀ ಎಳೆಯುವುದು, ಬಿಸಿನೀರಿಗೆ ನೀಲಗಿರಿ ಎಣ್ಣೆ ಸುರಿದು ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದು, ಕರ್ಪೂರ ಬೆರೆಸಿದ ಬಾಮನ್ನು ಮೂಗಿನ ಹೊಳ್ಳೆಗೆ ಹಚ್ಚುವುದು, ಫಿಟ್ಸ್ ಇರುವವರ ಮನೆಯಲ್ಲಿ ಇವು ಮೂರೂ ಬೇಡ. ಮೂರು ವರ್ಷದಿಂದ ಫಿಟ್ಸ್ ಬಾರದಿದ್ದ ಒಬ್ಬ ಹುಡುಗನಿಗೆ ಎರಡನೇ ಅಲೆಯಲ್ಲಿ ಮತ್ತೆ ಬಂದಿತ್ತು. ಗುಳಿಗೆ ಒಂದೂ ತಪ್ಪಿರಲಿಲ್ಲ. ವಿಚಾರಿಸಿದಾಗ ಅವರಮ್ಮ ಅವನ ಕೊರಳಿಗೆ ಕಟ್ಟಿದ ಗಂಟು ತೋರಿಸಿದರು. ಅದರಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ, ಬಿಚ್ಚಿಸಿದೆ ಅಷ್ಟೇ. ಹಬೆ ಬೇಕೆಂದರೆ ಬರೀ ನೀರಿನದು ಸಾಕು, ಪಾತ್ರೆ ಮಗುಚದಂತೆ ಪಕ್ಕದಲ್ಲಿ ಒಬ್ಬರಿರಲಿ.

ಅಪಾಯದ ಗುರುತುಗಳು: ಏದುಸಿರು, ಆಕ್ಸಿಜನ್ 94ಕ್ಕಿಂತ ಇಳಿಕೆ, ಎಬ್ಬಿಸಿದರೂ ಏಳದ ಮಂಪರು, ಕುಡಿದ ನೀರು ನೆತ್ತಿಗೇರಿ ಪದೇಪದೇ ಕೆಮ್ಮು. ಮರೆವಿನ ಕಾಯಿಲೆ ಇರುವ ವಯಸ್ಸಾದವರಲ್ಲಿ ಜ್ವರ, ಕೆಮ್ಮು ಏನೂ ಕಾಣದೆ ಇದ್ದಕ್ಕಿದ್ದಂತೆ ಗೊಂದಲ, ಬಡಬಡಿಕೆ, ಅತಿ ನಿದ್ದೆಯೇ ಸೋಂಕಿನ ಮೊದಲ ಗುರುತಾಗಬಹುದು. "ವಯಸ್ಸಾತು, ಅರಳು ಮರಳು" ಎಂದು ತಳ್ಳಿಹಾಕಬೇಡಿ.

ಹಂತ 6: ಫಿಟ್ಸ್ ಬಂದೇಬಿಟ್ಟರೆ

ಗಡಿಯಾರ ನೋಡಿ. ಮಾಸ್ಕ್ ಹಾಕಿದ್ದರೆ ತೆಗೆಯಿರಿ. ಕೊರಳಿನ ಗುಂಡಿ ಸಡಿಲಿಸಿ, ತಲೆಯ ಕೆಳಗೆ ಟವೆಲ್ ಇಟ್ಟು, ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಹಾಕುವುದು, ಇದ್ಯಾವುದೂ ಬೇಡ. ಅಲುಗಾಟವನ್ನು ಒತ್ತಿ ಹಿಡಿದು ನಿಲ್ಲಿಸಲೂ ಹೋಗಬೇಡಿ. ನಿಮ್ಮ ಮೂಗು ಬಾಯಿಗೆ ಒಂದು ಬಟ್ಟೆ ಕಟ್ಟಿಕೊಂಡರೆ ಸೋಂಕಿನ ಭಯಕ್ಕೆ ಅಷ್ಟು ಸಾಕು. ಜನ ದೂರ ನಿಂತು ನೋಡಿದ್ದರಿಂದ ರಸ್ತೆಯಲ್ಲಿ ಅಂಗಾತ ಬಿದ್ದು ಉಸಿರುಕಟ್ಟುವಂತಾಗಬಾರದು.

ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಗರ್ಭಿಣಿಯಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ 108. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಐದನೇ ನಿಮಿಷಕ್ಕೆ ಅದು ಕೈಯಲ್ಲಿರಬೇಕು, ಬೀರುವಿನಲ್ಲಿ ಅಲ್ಲ. ಎಷ್ಟು ಸಲ ಒತ್ತಬೇಕೆಂದು ಬಾಟಲಿಗೇ ಚೀಟಿ ಅಂಟಿಸಿ.

ಹಂತ 7: ಲಕ್ವ ಹೊಡೆದರೆ ಟೆಸ್ಟಿಗೆ ಕಾಯಬೇಡಿ

ನಗಲು ಹೇಳಿ, ಬಾಯಿ ಒಂದು ಕಡೆ ಜಗ್ಗುತ್ತದೆಯೇ? ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗಿಳಿಯುತ್ತದೆಯೇ? ಹೆಸರು ಹೇಳಲು ಹೇಳಿ, ತೊದಲುತ್ತದೆಯೇ? ಒಂದಿದ್ದರೂ ಹೊರಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದರೊಳಗೇ ಸಿ.ಟಿ. ಸ್ಕ್ಯಾನೂ ಆಗಬೇಕು. ಸಾಂಕ್ರಾಮಿಕದ ಹೆದರಿಕೆಗೆ "ಬೆಳಿಗ್ಗೆ ನೋಡೋಣ" ಎಂದು ಮಲಗಿಸಿ ಈ ಅವಧಿ ಕಳೆದುಕೊಂಡವರು ಒಬ್ಬಿಬ್ಬರಲ್ಲ.

ಗುರುತು ಕಂಡ ಹೊತ್ತಲ್ಲ, ಕೊನೆಯ ಬಾರಿ ಸರಿಯಾಗಿ ಇದ್ದುದನ್ನು ಕಂಡ ಹೊತ್ತನ್ನು ಬರೆದುಕೊಳ್ಳಿ. ಬಾಯಿಗೆ ಏನನ್ನೂ ಹಾಕಬೇಡಿ. ಆಸ್ಪಿರಿನ್ ಕೂಡ ಬೇಡ; ಗಡ್ಡೆಯೋ ರಕ್ತಸ್ರಾವವೋ ಸ್ಕ್ಯಾನ್ ಆಗದೆ ತಿಳಿಯದು. ನಾಟಿ ಎಣ್ಣೆ ತಿಕ್ಕುವುದಕ್ಕೂ ಪಾರಿವಾಳದ ರಕ್ತ ಹಚ್ಚಿಸುವುದಕ್ಕೂ ಹೋದ ಗಂಟೆಗಳು ವಾಪಸ್ ಬರುವುದಿಲ್ಲ.

ಇದರ ತಯಾರಿ ಮೊದಲೇ ಆಗಬೇಕು. ಸಾಂಕ್ರಾಮಿಕದಲ್ಲಿ ದೊಡ್ಡ ಆಸ್ಪತ್ರೆಗಳು ಸೋಂಕಿತರಿಗೆ ಮೀಸಲಾಗುವುದುಂಟು. ನಿಮ್ಮೂರಿಗೆ ಹತ್ತಿರದಲ್ಲಿ ಹಗಲೂ ರಾತ್ರಿ ಸಿ.ಟಿ. ಸ್ಕ್ಯಾನ್ ಎಲ್ಲಿದೆ, ಲಕ್ವದ ಇಂಜೆಕ್ಷನ್ ಅಲ್ಲಿ ಕೊಡುತ್ತಾರೆಯೇ ಎಂದು ಆರಾಮಿದ್ದಾಗ ಫೋನ್ ಮಾಡಿ ಕೇಳಿ, ಎರಡು ಹೆಸರು ಬರೆದಿಡಿ. ಹೊಳಲ್ಕೆರೆಯವರು ಚಿತ್ರದುರ್ಗಕ್ಕೋ ದಾವಣಗೆರೆಗೋ ಎಂಬ ತೀರ್ಮಾನವನ್ನು ಆಂಬುಲೆನ್ಸ್ ಬಂದ ಮೇಲೆ ಮಾಡಬಾರದು.

ಹಂತ 8: ಮನೆಯೊಳಗೇ ಕಳೆಯುವ ದಿನಗಳು

ಫಿಸಿಯೋಥೆರಪಿಯವರು ಬರುವುದು ನಿಂತರೆ ಲಕ್ವದ ಕೈ ಎರಡು ವಾರದಲ್ಲಿ ಬಿಗಿಯತೊಡಗುತ್ತದೆ. ಅವರ ಕೈಚಲನೆಯನ್ನು ವಿಡಿಯೋ ಮಾಡಿಟ್ಟುಕೊಂಡು ದಿನಕ್ಕೆ ಎರಡು ಸಲ ನೀವೇ ಮಾಡಿಸಿ. ನಡುಕದವರು ಹಜಾರದಲ್ಲೇ ಹತ್ತು ಸುತ್ತು ನಡೆಯಲಿ, ಕಾಲಿಗೆ ತೊಡಕುವ ಚಾಪೆ, ವೈರು ಎತ್ತಿಬಿಡಿ. ಲೆವೊಡೋಪಾ ಊಟಕ್ಕೆ ಅರ್ಧ ಗಂಟೆ ಮೊದಲೇ ಹೋಗಲಿ. ಬೇಳೆ, ಮೊಟ್ಟೆ, ಹಾಲಿನ ಜೊತೆ ಕೊಟ್ಟರೆ ಸರಿಯಾಗಿ ಹತ್ತುವುದಿಲ್ಲ. ನುಂಗಲು ಕಷ್ಟವಿರುವವರನ್ನು ನೆಟ್ಟಗೆ ಕೂರಿಸಿಯೇ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುವವರಿಗೆ ಫೆನಿಟಾಯಿನ್ ಮತ್ತು ಆಹಾರದ ನಡುವೆ ಎಷ್ಟು ಅಂತರ ಎಂದು ಕೇಳಿಕೊಳ್ಳಿ, ಒಟ್ಟಿಗೆ ಕೊಟ್ಟರೆ ಔಷಧಿ ಮೈಗೆ ಹತ್ತುವುದು ಕಡಿಮೆ. ಮೈಗ್ರೇನ್ ಇರುವವರು ಬೇಸರಕ್ಕೆಲ್ಲ ನೋವಿನ ಗುಳಿಗೆ ನುಂಗುತ್ತಾ ತಿಂಗಳಿಗೆ ಹತ್ತು ಹದಿನೈದು ದಿನ ಮೀರಿಸಿದರೆ ಗುಳಿಗೆಯಿಂದಲೇ ತಲೆನೋವು ಬರತೊಡಗುತ್ತದೆ. ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 9: ಲಸಿಕೆ

ಫಿಟ್ಸ್, ಪಾರ್ಕಿನ್ಸನ್, ಹಳೆಯ ಲಕ್ವ ಇವು ಲಸಿಕೆಗೆ ಅಡ್ಡಿಯಲ್ಲ. 2021ರಲ್ಲಿ ಜನಸಾಮಾನ್ಯರಿಗೆ ಲಸಿಕೆ ಸಿಗತೊಡಗಿದಾಗ ಇಂಥವರನ್ನೇ ಮನೆಯಲ್ಲಿ ಉಳಿಸಿ ಉಳಿದವರು ಹಾಕಿಸಿಕೊಂಡು ಬಂದರು. ಲಸಿಕೆಯಾದ ರಾತ್ರಿ ಜ್ವರ ಬರಬಹುದು, ಪ್ಯಾರಾಸಿಟಮಾಲ್ ಹತ್ತಿರವಿರಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆದಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ, ಹಿಂದೆ ಗಿಲಾನ್ ಬಾರೆ (ಕೈಕಾಲಿನ ಬಲ ಬೇಗಬೇಗ ಸೋಲುವ ನರದ ಕಾಯಿಲೆ) ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ.

ಹಂತ 10: ನೋಡಿಕೊಳ್ಳುವವರೇ ಮಲಗಿದರೆ

ಗುಳಿಗೆ ಕೊಡುವುದು ಮನೆಯಲ್ಲಿ ಒಬ್ಬರಿಗೇ ಗೊತ್ತಿರುತ್ತದೆ, ಹೆಚ್ಚಾಗಿ ಹೆಂಡತಿಗೋ ಸೊಸೆಗೋ. ಅವರಿಗೇ ಸೋಂಕು ತಗುಲಿ ಬೇರೆ ಕೋಣೆ ಸೇರಿದರೆ? ಈ ವಾರವೇ ಒಂದು ದಿನ ಹಾಳೆ ಮತ್ತು ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರು ಕೊಡುವುದನ್ನು ನೋಡಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಹಾಳೆಯನ್ನು ತಿದ್ದಿ.

ನಮ್ಮ ಅಂಗಡಿಗೆ ಬರುವ ಒಬ್ಬ ಹೆಣ್ಣುಮಗಳು ಹೀಗೆ ಪರೀಕ್ಷೆ ಮಾಡಿದಾಗ ಗಂಡನಿಗೆ ಓದಲು ಬಾರದೆಂಬುದೇ ತೊಡಕಾಯಿತು. ಅವರು ಸ್ಟ್ರಿಪ್ಪುಗಳ ಹಿಂದೆ ಬಣ್ಣದ ಪೆನ್ನಿನಲ್ಲಿ ಬೆಳಗಿನದಕ್ಕೆ ಹುಂಜ, ಮಧ್ಯಾಹ್ನದ್ದಕ್ಕೆ ಮುದ್ದೆ, ರಾತ್ರಿಯದಕ್ಕೆ ಚಂದ್ರ ಬರೆದರು. ತಿಂಗಳ ಗುಳಿಗೆ ಒಯ್ಯಲು ಬಂದಾಗ ಈಗ ನನ್ನ ಕೈಗೂ ಒಂದು ಪೆನ್ನು ಕೊಡುತ್ತಾರೆ. ನಾನು ಬರೆದ ಹುಂಜ ಬಾತುಕೋಳಿಯಂತಿದೆ ಎಂಬುದು ಅವರ ದೂರು.